ಮಹಡಿಯ ಬಾಡಿಗೆಯವಳು

ಉಮಾದೇವಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಮದುವೆಯಾದ ಹೊಸದರಲ್ಲಿ ಅವಳು ಹೊಟ್ಟೆಕಿಚ್ಚುಪಟ್ಟದ್ದು ಒಂದು ಹಡಗಿನ ಮೇಲೆ. ಗಂಡ ಕೆಂಪಣ್ಣ ನೌಕಾಪಡೆಯಲ್ಲಿದ್ದ. ವಿಶಾಖಪಟ್ಟಣದ ಬಂದರು ಬಿಟ್ಟು ಹಡಗು ಹೊರಟಿತೆಂದರೆ ತಿಂಗಳುಗಟ್ಟಲೆ ಅವನ ಮುಖ ಕಾಣುತ್ತಿರಲಿಲ್ಲ. ಕ್ವಾರ್ಟರ್ಸಿನ ಉಳಿದ ಹೆಂಗಸರು ಗಂಡಂದಿರು ಕ್ಷೇಮವಾಗಿ ಬರಲೆಂದು ಹರಕೆ ಹೊತ್ತರೆ, ಇವಳು ಆ ಹಡಗಿಗೆ ತುಕ್ಕು ಹಿಡಿಯಲಿ ಎಂದು ಬೇಡಿಕೊಳ್ಳುತ್ತಿದ್ದಳು. ಪಿಂಚಣಿ ತೆಗೆದುಕೊಂಡು ಪೆಂಡುರ್ತಿಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ ಮೇಲಾದರೂ ಕೆಂಪಣ್ಣ ಮನೆಯಲ್ಲಿ ನಿಂತನೇ? ಬೆಳಗ್ಗೆ ವಾಕಿಂಗು, ಮಧ್ಯಾಹ್ನ ಹಳೆಯ ಸ್ನೇಹಿತರ ಜೊತೆ ಇಸ್ಪೀಟು, ಸಂಜೆ ಕನ್ನಡ ಸಂಘ. ಹಡಗಿನ ಮೇಲಿದ್ದ ಕಿಚ್ಚು ಇಸ್ಪೀಟಿನ ಎಲೆಗಳ ಮೇಲೆ ಹೊರಳಿತು, ಅಷ್ಟೇ.

ಕೊನೆಗೆ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿ ತೊದಲಿ ಒಂದೆರಡು ಪದಕ್ಕೆ ಬಂದು ನಿಂತಿತು. ಆಸ್ಪತ್ರೆಯಿಂದ ತಂದು ಹಾಲಿನ ಮಂಚದ ಮೇಲೆ ಮಲಗಿಸಿದ ದಿನ ಉಮಾದೇವಿ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅತ್ತದ್ದೂ ನಿಜ, ದುಃಖವೂ ನಿಜ. ಆದರೆ ಆ ದುಃಖದ ಅಡಿಯಲ್ಲಿ ಇನ್ನೊಂದು ಇತ್ತು. ಅದನ್ನು ಅವಳು ದೇವರ ಮುಂದೆಯೂ ಹೇಳಿಕೊಳ್ಳಲಾರಳು, ನಾವು ಹೇಳಿಬಿಡೋಣ. ಇನ್ನು ಇವನು ಎಲ್ಲಿಗೂ ಹೋಗುವುದಿಲ್ಲ ಎಂಬ ಸಮಾಧಾನ ಅದು. ಅಷ್ಟು ವರ್ಷ ಕಾದ ಮೇಲೆ ಗಂಡ ಪೂರ್ತಿಯಾಗಿ ಅವಳ ಕೈಗೆ ಬಂದಿದ್ದ.

ಬಂದದ್ದು ಹೆಚ್ಚು ದಿನ ಕೈಯಲ್ಲಿ ಉಳಿಯಲಿಲ್ಲ. ಉಮಾದೇವಿಯ ಮಂಡಿಗಳು ಆಗಲೇ ಸವೆದಿದ್ದವು. ಒಂದು ಬೆಳಗ್ಗೆ ಅವನನ್ನು ಎತ್ತಿ ಕೂರಿಸಲು ಹೋಗಿ ಇಬ್ಬರೂ ನೆಲಕ್ಕೆ ಬಿದ್ದರು. ಮಗಳು ಬಿಂದುಶ್ರೀ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. ಸುದ್ದಿ ಕೇಳಿದವಳೇ ಫೋನಿನಲ್ಲಿ ತಾಯಿಯನ್ನು ಬೈದು, ಅದೇ ವಾರ ಚಂಪಾಳನ್ನು ರೈಲು ಹತ್ತಿಸಿ ಕಳಿಸಿಬಿಟ್ಟಳು.

ಬೇರೆ ಯಾರನ್ನು ಕಳಿಸಿದ್ದರೂ ಉಮಾದೇವಿ ಕೈಮುಗಿದು ಒಳಗೆ ಕರೆದುಕೊಳ್ಳುತ್ತಿದ್ದಳು. ಚಂಪಾ ಕೆಂಪಣ್ಣನ ಅಕ್ಕನ ಮಗಳು. ನಾಗಮಂಗಲದ ಕಡೆಯ ಅವರ ಊರಿನಲ್ಲಿ ಅಕ್ಕನಿಗೆ ಹೆಣ್ಣು ಹುಟ್ಟಿದರೆ ತಮ್ಮನಿಗೆ ಹೆಣ್ಣು ಹುಡುಕುವ ಕೆಲಸ ತಪ್ಪಿತು ಎಂದೇ ಲೆಕ್ಕ. ತೊಟ್ಟಿಲಿಗೆ ಹಾಕಿದ ದಿನವೇ ಚಂಪಾಳನ್ನು ಕೆಂಪಣ್ಣನ ಹೆಂಡತಿ ಎಂದು ಕರೆದಿದ್ದರು. ನೌಕಾಪಡೆ ಸೇರಿದ ಕೆಂಪಣ್ಣ ಒಮ್ಮೆ ರಜೆಗೆ ಬಂದವನು ಅಕ್ಕನ ಮಗಳು ಬೇಡ ಅಂದುಬಿಟ್ಟ. ಊರೆಲ್ಲ ಉಗಿಯಿತು, ಅಕ್ಕ ಮಾತು ಬಿಟ್ಟಳು, ಅವನು ಜಗ್ಗಲಿಲ್ಲ. ಚನ್ನರಾಯಪಟ್ಟಣದಿಂದ ಉಮಾದೇವಿಯನ್ನು ಮದುವೆಯಾಗಿ ತಂದ. ಧಾರೆಯ ದಿನ ಚಪ್ಪರದ ಕಂಬ ಹಿಡಿದು ನಿಂತಿದ್ದ ಲಂಗದಾವಣಿಯ ಹುಡುಗಿಯನ್ನು ಯಾರೋ ತೋರಿಸಿ, "ನಿನ್ನ ಜಾಗ ಇವಳದ್ದಾಗಬೇಕಿತ್ತು ಕಣವ್ವ" ಅಂದಿದ್ದರು. ಮದುಮಗಳಿಗೆ ಆಡುವ ಮಾತೇ ಅದು? ಆದರೆ ಆಡಿದರು, ಅದು ಉಮಾದೇವಿಯ ಎದೆಯಲ್ಲಿ ಕೂತುಬಿಟ್ಟಿತು. ಆಮೇಲೆ ಚಂಪಾಳ ಮದುವೆ ಮದ್ದೂರಿನವನೊಬ್ಬನ ಜೊತೆ ಆಯಿತು. ಅವನು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ಥರ್ಮಲ್ ಸ್ಟೇಷನ್ನಿನಲ್ಲಿ ಫಿಟ್ಟರ್ ಆಗಿದ್ದ. ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ. ಹೀಗೆ ಕೈಯಲ್ಲೊಂದು ಚೀಲ ಹಿಡಿದು, ಒಂದು ಕಾಲಕ್ಕೆ ತನ್ನದಾಗಬೇಕಿದ್ದ ಮನೆಯ ಗೇಟು ತೆಗೆದು ಚಂಪಾ ಒಳಗೆ ಬಂದಳು.

"ಬಂದೆ ಕಣತ್ತೆಮ್ಮ. ಮಾವ ಎಲ್ಲಿ?" ಅಂದಳು. ನೀರು ಬೇಕೇ ಎಂದು ಕೇಳುವಷ್ಟರಲ್ಲಿ ಮಂಚದ ಬಳಿ ಇದ್ದಳು.

ಸಂಬಳದ ಮಾತು ಬರಲಿಲ್ಲ. ನೆಂಟರಿಗೆ ಸಂಬಳ ಕೊಡುತ್ತಾರೆಯೇ? ಎರಡು ಹೊತ್ತು ಊಟ, ಹಬ್ಬಕ್ಕೊಂದು ಸೀರೆ, ಬಟ್ಟೆಬರೆ ಇಟ್ಟುಕೊಳ್ಳಲು ಮಹಡಿಯ ಕೋಣೆ. ಆ ಕೋಣೆಗೆ ಹೊರಗಿನಿಂದಲೇ ಮೆಟ್ಟಿಲು. ಹಿಂದೆ ಸುಮಂತ್ ಎಂಬ ದಾವಣಗೆರೆಯ ಹುಡುಗ, ಔಷಧಿ ಕಾರ್ಖಾನೆಯವನು, ಸ್ವಲ್ಪ ಕಾಲ ಬಾಡಿಗೆಗಿದ್ದು ಹೋಗಿದ್ದ. ಚಂಪಾ ಮಲಗುತ್ತಿದ್ದದ್ದು ಮಾತ್ರ ಕೆಳಗೆ, ಮಾವನ ಮಂಚದ ಕಾಲ ಬಳಿ ಚಾಪೆಯ ಮೇಲೆ. ಅವನು ಹೊರಳಿದರೂ ಎದ್ದು ಕೂರುತ್ತಿದ್ದಳು.

ಮೊದಲ ವಾರದಲ್ಲೇ, ಮಲಗಿ ಮಲಗಿ ಆಗಿದ್ದ ಕೆಂಪಣ್ಣನ ಬೆನ್ನಿನ ಹುಣ್ಣು ಮಾಯತೊಡಗಿತು. ಎರಡನೇ ತಿಂಗಳಿಗೆ ಕುರ್ಚಿಯಲ್ಲಿ ಕೂರುವಂತಾದ. ಇದಕ್ಕೆ ಉಮಾದೇವಿ ಸಂತೋಷಪಡಬೇಕು, ಪಟ್ಟಳು ಕೂಡ. ಆದರೆ ಆ ಸಂತೋಷ ಬಿಸಿ ತುಪ್ಪದ ಹಾಗೆ ಗಂಟಲಲ್ಲೇ ನಿಲ್ಲುತ್ತಿತ್ತು. ಗಂಜಿ ಕುಡಿಸುವಾಗ ಚಂಪಾ ಊರಿನ ಮಾತು ತೆಗೆಯುತ್ತಿದ್ದಳು. ಯಾವುದೋ ಹಾಯುವ ಎಮ್ಮೆ, ಯಾರೋ ಕೆರೆಯಲ್ಲಿ ಪಂಚೆ ಕಳೆದುಕೊಂಡದ್ದು, ಯಾವಳೋ ಅಜ್ಜಿ ಹೂಸಿದ್ದು. ಕೆಂಪಣ್ಣ ಅರ್ಧ ಮುಖದಲ್ಲಿ ನಗುತ್ತಿದ್ದ. ಆ ಎಮ್ಮೆ ಉಮಾದೇವಿಗೆ ಗೊತ್ತಿಲ್ಲ, ಆ ಕೆರೆ ಗೊತ್ತಿಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿದವಳು ತನ್ನ ಹಾಲಿನಲ್ಲೇ ಹೊರಗಿನವಳ ಹಾಗೆ ಬೀನ್ಸಿನ ನಾರು ತೆಗೆಯುತ್ತ ಕೂರಬೇಕಾಗಿತ್ತು. ಒಂದೆರಡು ಸಲ ತಾನೂ ಒಂದು ಹಳೆಯ ಕಥೆ ತೆಗೆದಳು, ಕ್ವಾರ್ಟರ್ಸಿನಲ್ಲಿ ಹಾವು ಬಂದದ್ದು. ಕೆಂಪಣ್ಣ ಕಣ್ಣು ಮುಚ್ಚಿಕೊಂಡ. ನಿದ್ದೆ ಬಂದಿದ್ದಿರಬಹುದು, ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಬೀದಿಯವರೂ ಸುಮ್ಮನಿರಲಿಲ್ಲ. ಪಕ್ಕದ ಮನೆಯ ಭ್ರಮರಾಂಬ ಕಾಂಪೌಂಡಿನ ಮೇಲೆ ಕೈಯಿಟ್ಟು ದಿನವೂ ಅದೇ ರಾಗ: ಆ ಚಂಪಾ ಬಂದ ಮೇಲೆ ನಿಮ್ಮವರ ಮುಖದಲ್ಲಿ ಕಳೆ ಬಂತು ನೋಡಿ, ಅಂಥವರು ಸಿಗುವುದಕ್ಕೆ ಪುಣ್ಯ ಮಾಡಿರಬೇಕು. ಮಗಳು ಫೋನು ಮಾಡಿದರೂ ಮೊದಲು ಕೇಳುವುದು, "ಚಂಪಾ ವದಿನ ಎಲ್ಲಿ?" ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಬಿಂದುಶ್ರೀಗೆ ಅತ್ತಿಗೆ ಎಂಬ ಮಾತು ನಾಲಗೆಗೆ ಹತ್ತಿರಲಿಲ್ಲ, ತೆಲುಗಿನ ವದಿನವೇ ಬರುತ್ತಿತ್ತು. "ವದಿನಕಿ ಇಲ್ಲಿ ಆಸ್ಪತ್ರೆಲಿ ಆಯಾ ಕೆಲಸ ಈಸಿಯಾಗಿ ಸಿಗುತ್ತಮ್ಮ, ಮಂಚಿ ಸಂಬಳ, ಒಳ್ಳೇ ದುಡ್ಡು. ನಿನಗೋಸ್ಕರ ಬಿಟ್ಟಿದೀನಿ, ನೀನು ಅವಳನ್ನ ಸರಿಯಾಗಿ ನೋಡ್ಕೋ" ಅನ್ನುತ್ತಿದ್ದಳು.

ನಾನು ಅವಳನ್ನು ನೋಡಿಕೊಳ್ಳಬೇಕಂತೆ ಎಂದು ಉಮಾದೇವಿ ಒಳಗೊಳಗೇ ಕುದಿದಳು. ಇವಳನ್ನು ಕಳಿಸಿಬಿಡಬೇಕು, ಕಳಿಸಿದರೆ ಎತ್ತುವವರಿಲ್ಲ. ಹೀಗೆ ವರ್ಷ ಕಳೆಯಿತು, ಇನ್ನೊಂದು ಕಳೆಯಿತು.

ಒಂದು ಬೆಳಗ್ಗೆ ವಾರ್ಡು ಕಚೇರಿಯಿಂದ ಫಣೀಂದ್ರ ಎಂಬ ಯುವಕ ಬಂದ. ಮನೆಕಂದಾಯದ ಹೊಸ ಲೆಕ್ಕಕ್ಕಾಗಿ ಮನೆಮನೆ ಸುತ್ತುತ್ತಿದ್ದ, ಕೈಯಲ್ಲಿ ಟ್ಯಾಬು. ಕೆಂಪಣ್ಣನ ಮನೆಗೆ ಕಂದಾಯದಲ್ಲಿ ಮಾಜಿ ಸೈನಿಕರ ರಿಯಾಯಿತಿ ಇತ್ತು. ಮನೆಯವರೇ ವಾಸವಿರಬೇಕು, ಯಾವ ಭಾಗವನ್ನೂ ಬಾಡಿಗೆಗೆ ಕೊಟ್ಟಿರಬಾರದು ಎಂಬುದಷ್ಟೇ ಷರತ್ತು. ಮೈ ಸರಿಯಿದ್ದಾಗ ಕೆಂಪಣ್ಣ ಆ ರಿಯಾಯಿತಿಯನ್ನು ಪದಕದ ಹಾಗೆ ಹೇಳಿಕೊಂಡು ತಿರುಗುತ್ತಿದ್ದ. ಸುಮಂತ್ ಇದ್ದ ಕಾಲದಲ್ಲಿ ತಾನಾಗಿಯೇ ಹೋಗಿ ಬಾಡಿಗೆಗೆ ಕೊಟ್ಟಿದ್ದೇನೆ ಎಂದು ಬರೆಸಿ, ಅವನು ಹೋದ ಮೇಲೆ ಮತ್ತೆ ತೆಗೆಸಿ ಬಂದಿದ್ದ.

ಉಮಾದೇವಿ ಗೇಟಿನ ಬಳಿ ಹೂ ಬಿಡಿಸುತ್ತಿದ್ದಳು. ಹಾಲಿನ ಬಾಗಿಲು ತೆರೆದಿತ್ತು. ಒಳಗೆ ಚಂಪಾ ಮಂಚದ ಅಂಚಿನಲ್ಲಿ ಕೂತು, ಕೆಂಪಣ್ಣನ ಗಲ್ಲ ಎತ್ತಿ ಹಿಡಿದು ಗಡ್ಡ ಹೆರೆಯುತ್ತ ಏನೋ ಹೇಳುತ್ತಿದ್ದಳು. ಅವನು ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು ಕುಲುಕುಲು ನಗುತ್ತಿದ್ದ. ಫಣೀಂದ್ರ ಅದನ್ನು ನೋಡಿದ, ಅವನಿಗೂ ನಗು ಬಂತು.

"ಸಾರ್‌ಗಾರಿ ಮಿಸೆಸ್ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ" ಅಂದ ತೆಲುಗಿನಲ್ಲಿ. "ನೀವು ಅವರ ಅಕ್ಕನವರಾ ಅಮ್ಮಾ?"

ಉಮಾದೇವಿಯ ಕೈಯಲ್ಲಿದ್ದ ದಾಸವಾಳ ಹಿಸುಕಿಹೋಯಿತು.

"ಮಿಸೆಸ್ ನಾನು" ಅಂದಳು.

ಅವನು ತಬ್ಬಿಬ್ಬಾಗಿ ತಪ್ಪಾಯಿತು ಅಂದ. ಹಾಗಾದರೆ ಅವರು ಯಾರು, ಮಹಡಿಯ ಕೋಣೆಯಲ್ಲಿ ಇರುವುದು ಅವರೇನಾ, ಏನಾಗಬೇಕು ಎಂದು ಕೇಳಿದ.

ಗಂಡನ ಅಕ್ಕನ ಮಗಳು ಅಂದರೆ ಮುಗಿಯುತ್ತಿತ್ತು. ತೆಲುಗಿನಲ್ಲಿ ಅದಕ್ಕೆ ಮೇನಕೋಡಲು ಎಂಬ ಒಂದೇ ಮಾತು ಸಾಕು. ಆದರೆ ಆ ಮಾತು ಕೇಳಿದ ತೆಲುಗಿನವನಿಗೆ ಮುಂದಿನದನ್ನು ಯಾರೂ ಹೇಳಬೇಕಾಗಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆ ಅವರಲ್ಲೂ ಇದೆ. ಓಹೋ, ಕಟ್ಟಿಕೊಳ್ಳಬೇಕಾಗಿದ್ದವಳು ಎಂದು ಅವನ ಕಣ್ಣು ಒಂದು ಗಳಿಗೆ ಮಿನುಗುತ್ತದೆ, ಮತ್ತೆ ಸೋಪಿನ ನೊರೆಯ ಕಡೆ ಹೊರಳುತ್ತದೆ, ಆಮೇಲೆ ಅಯ್ಯೋ ಪಾಪ ಎಂದು ತನ್ನ ಕಡೆ ಬರುತ್ತದೆ. ಅದೆಲ್ಲವನ್ನೂ ಉಮಾದೇವಿ ನಡೆಯುವ ಮೊದಲೇ ಕಂಡಳು. ಅಲ್ಲದೆ ಸರಕಾರದ ಲೆಕ್ಕದಲ್ಲಿ ಗಂಡನ ಹೆಸರಿನ ಕೆಳಗೆ, ತನ್ನ ಹೆಸರಿನ ಪಕ್ಕದಲ್ಲಿ ಆ ಹೆಸರು.

"ಏನೂ ಆಗಬೇಕಿಲ್ಲ. ಬಾಡಿಗೆಗಿದ್ದಾಳೆ" ಅಂದಳು.

ಫಣೀಂದ್ರ ಮತ್ತೊಮ್ಮೆ ಒಳಗೆ ನೋಡಿದ. ಬಾಡಿಗೆದಾರಳು ಮನೆಯ ಯಜಮಾನನ ಕಿವಿಯ ಹಿಂದಿನ ನೊರೆ ಒರೆಸುತ್ತಿದ್ದಳು.

"ತುಂಬ ಒಳ್ಳೆಯ ಬಾಡಿಗೆಯವರು" ಅಂದ. ಆಮೇಲೆ ಮೆತ್ತಗೆ ತಿಳಿಸಿ ಹೇಳಿದ. ಬಾಡಿಗೆ ಎಂದು ಬರೆದರೆ ರಿಯಾಯಿತಿ ಹೋಗುತ್ತದೆ. ನೆಂಟರೇ ಆಗಿದ್ದು, ಬಾಡಿಗೆಯನ್ನೂ ಕೊಡದೆ ಸಂಬಳವನ್ನೂ ತೆಗೆದುಕೊಳ್ಳದೆ ಆರೈಕೆ ಮಾಡಿಕೊಂಡಿದ್ದರೆ ಅವರು ಕಂದಾಯದ ಲೆಕ್ಕಕ್ಕೇ ಬರುವುದಿಲ್ಲ. "ನನ್ನ ಸರ್ವಿಸಿನಲ್ಲಿ ಬಾಡಿಗೆಯವರನ್ನು ಭಾವಮೈದ ಅಂದವರನ್ನು ನೋಡಿದೀನಿ, ತಮ್ಮ ಅಂದವರನ್ನೂ ನೋಡಿದೀನಿ. ಬೇಕಾದರೆ ಯೋಚನೆ ಮಾಡಿ ಅಮ್ಮಾ."

"ಯೋಚನೆ ಮಾಡೋದೇನಿದೆ? ಬಾಡಿಗೆಯವಳೇ."

ಅವನು ಹೆಸರು ಕೇಳಿ ಬರೆದುಕೊಂಡು ಹೋದ. ಆ ದಿನವೆಲ್ಲ ಉಮಾದೇವಿಗೆ ಗೆದ್ದ ಹುಮ್ಮಸ್ಸು. ಮಧ್ಯಾಹ್ನ ಚಂಪಾ ಕೆಂಪಣ್ಣನನ್ನು ನಗಿಸುತ್ತಿದ್ದಾಗ, ನಗಿಸು, ನೀನು ಬಾಡಿಗೆಯವಳು ತಾನೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಒಂದು ತುತ್ತು ಹೆಚ್ಚೇ ಉಂಡಳು.

ನೋಟೀಸು ಬಂದದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಆ ಮಾತನ್ನು ಅವಳು ಮರೆತೇಬಿಟ್ಟಿದ್ದಳು. ಈ ಊರಿನಲ್ಲಿ ಜೀವಮಾನ ಕಳೆದರೂ ಉಮಾದೇವಿ ತೆಲುಗು ಆಡಬಲ್ಲಳೇ ಹೊರತು ಓದಲು ಕಲಿಯಲಿಲ್ಲ. ಅದು ಕೆಂಪಣ್ಣನ ಕೆಲಸವಾಗಿತ್ತು. ಅವನು ಬಿದ್ದ ಮೇಲೆ ಕರೆಂಟಿನ ಬಿಲ್ಲು, ಗ್ಯಾಸಿನ ಚೀಟಿ, ಬಂದದ್ದನ್ನೆಲ್ಲ ಚಂಪಾಳ ಕೈಗೆ ಕೊಡುವುದು ಅಭ್ಯಾಸವಾಗಿತ್ತು; ಅವಳು ಇಬ್ರಾಹಿಂಪಟ್ನಂನಲ್ಲಿದ್ದಾಗ ತೆಲುಗು ಓದಲು ಕಲಿತಿದ್ದಳು. ಅದೇ ಅಭ್ಯಾಸದಲ್ಲಿ, "ಏನು ಬಂದಿದೆ ನೋಡು" ಎಂದು ಲಕೋಟೆಯನ್ನು ಅವಳ ಮಡಿಲಿಗೆ ಹಾಕಿದಳು.

ಚಂಪಾ ಕೈ ಒರೆಸಿಕೊಂಡು ಓದಿದಳು. ಗಟ್ಟಿಯಾಗಿ ತೆಲುಗಿನಲ್ಲಿ ಒಂದು ಸಾಲು, ಅದರ ಅರ್ಥ ಕನ್ನಡದಲ್ಲಿ ಒಂದು ಸಾಲು, ಎಂದಿನ ಹಾಗೆ. ಮನೆ ನಂಬರು, ಯಜಮಾನರ ಹೆಸರು, ಕೆಳಗಿನ ಅಂತಸ್ತು ಸ್ವಂತ ವಾಸ. "ಮೇಲಿನ ಅಂತಸ್ತು ಬಾಡಿಗೆಗೆ. ಬಾಡಿಗೆಯವರ ಹೆಸರು..." ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿದಳು. "ಚಂಪಾ" ಎಂದು ಓದಿ ಮುಂದಕ್ಕೆ ಹೋದಳು. ಉಮಾದೇವಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನೇವಿಯೋರ ರಿಯಾಯ್ತಿ ತೆಗ್ದವ್ರಂತೆ ಅತ್ತೆಮ್ಮ, ಕಂದಾಯ ಜಾಸ್ತಿ ಮಾಡವ್ರೆ. ತಕರಾರಿದ್ರೆ ಹೇಳಿ, ಮತ್ತೆ ಬಂದು ನೋಡ್ತೀವಿ ಅಂತ ಬರ್ದವ್ರೆ" ಅಂದಳು. ಕಾಗದ ಮಡಿಸಿ ಕೊಟ್ಟು ಮಾವನ ಗಂಜಿ ಆರಿಸಲು ಎದ್ದುಹೋದಳು.

ಒಂದು ಮಾತು ಬೈದಿದ್ದರೆ ಉಮಾದೇವಿಗೆ ಸುಲಭವಾಗುತ್ತಿತ್ತು. ಜಗಳವಾಡಲು ಅವಳು ಬಾಯಿ ತೊಳೆದುಕೊಂಡೇ ಕೂತಿದ್ದಳು. ಚಂಪಾ ಎಂದಿನಂತೆ ಎತ್ತಿದಳು, ಕೂರಿಸಿದಳು, ತೊಳೆದಳು. ಅಷ್ಟರಲ್ಲಿ ಮಗಳಿಗೆ ಸುದ್ದಿ ಮುಟ್ಟಿತು. ಭ್ರಮರಾಂಬ ಇರುವುದು ಯಾಕೆ? ಬಿಂದುಶ್ರೀ ಫೋನಿನಲ್ಲಿ ಕೂಗಾಡಲಿಲ್ಲ, ತಣ್ಣಗೆ ಹೇಳಿದಳು.

"ಅಮ್ಮ, ಡ್ಯಾಡಿಗೆ ಆ ರಿಯಾಯಿತಿ ಅಂದ್ರೆ ಎಷ್ಟು ಗೌರವ ಅಂತ ನಿನಗೆ ಗೊತ್ತು. ವಾರ್ಡು ಆಫೀಸಿಗೆ ನಾನೇ ಫೋನ್ ಮಾಡಿ ತಕರಾರು ಹೇಳಿದೀನಿ. ಅವರು ಮತ್ತೆ ಬಂದಾಗ ವದಿನ ನಮ್ಮ ಮನೆಯವಳು ಅಂತ ನೀನೂ ಹೇಳು, ವದಿನ ಕೈಲೂ ಹೇಳಿಸು. ಇಲ್ಲಾಂದ್ರೆ ಹೇಳಿಬಿಡು, ವದಿನನ್ನ ನಾನಿಲ್ಲಿಗೆ ಕರೆಸ್ಕೋತೀನಿ. ಆಯಾ ಕೆಲಸಕ್ಕೆ ನಾಳೇನೇ ಸೇರಿಸ್ತೀನಿ. ಆಮೇಲೆ ಡ್ಯಾಡಿನ ಯಾರು ಎತ್ತುತಾರೋ ನೀನೇ ಚೂಸ್ಕೋ, ನೀನೇ ನೋಡ್ಕೋ."

ಹೀಗೆ, ಯಾರನ್ನು ಮನೆಯವಳಲ್ಲ ಅಂದಿದ್ದಳೋ ಅವಳ ಬಾಯಿಂದಲೇ ಮನೆಯವಳು ಎಂದು ಹೇಳಿಸುವ ಕೆಲಸ ಉಮಾದೇವಿಯ ಪಾಲಿಗೆ ಬಂತು. ಫಣೀಂದ್ರ ಬರುವ ಹಿಂದಿನ ದಿನ ಮಧ್ಯಾಹ್ನ, ಕೆಂಪಣ್ಣ ಊಟ ಮಾಡಿ ಕಣ್ಣು ಮುಚ್ಚಿದ ಮೇಲೆ, ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಮಂಡಿನೋವು ಶುರುವಾದ ಮೇಲೆ ಮಹಡಿಗೆ ಬಂದದ್ದೇ ಇಲ್ಲ. ಮುಂದೆ ಮಾಡಿದ್ದ ಬಾಗಿಲನ್ನು ತಳ್ಳಿದಳು.

ಚಂಪಾ ಕಿಟಕಿಯ ಕೆಳಗೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಕೆಲಸವಿರಲಿಲ್ಲ, ಫೋನಿರಲಿಲ್ಲ. ಸುಮ್ಮನೆ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ಉಮಾದೇವಿ ಎಂದೂ ಕಂಡಿರಲಿಲ್ಲ.

"ಕರ್ದಿದ್ರೆ ನಾನೇ ಬತ್ತಿದ್ನಲ್ಲ ಅತ್ತೆಮ್ಮ" ಎಂದು ಕಾಲು ಮಡಿಸಿಕೊಂಡಳು.

ಉಮಾದೇವಿ ಚಾಪೆಯ ತುದಿಯಲ್ಲಿ ಕೂತು ಏದುಸಿರು ಸುಧಾರಿಸಿಕೊಂಡಳು. "ನಾಳೆ ಆ ಕಂದಾಯದವನು ಬರ್ತಾನೆ. ನೀನು ನಮ್ಮನೆಯವಳು, ಬಾಡಿಗೆ ಗೀಡಿಗೆ ಏನೂ ಇಲ್ಲ ಅಂತ ಒಂದು ಮಾತು ಹೇಳ್ಬಿಡೇ. ಅವತ್ತು ನನಗೆ ಏನೋ ಬಾಯಿತಪ್ಪಿ ಬಂತು."

"ಬಾಯಿತಪ್ಪಿ ಬರೋ ಮಾತಲ್ಲ ಬುಡಿ ಅದು." ಚಂಪಾಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೇನೂ ಬೇಜಾರಿಲ್ಲ. ಅದನ್ನ ಹಂಗೇ ಇರಾಕೆ ಬುಡಿ."

"ಹಂಗೇ ಅಂದ್ರೆ?"

"ಬಾಡಿಗೆಯವಳು ಅಂತ್ಲೇ. ಓದ್ದಾಗ ಮೊದ್ಲು ಎದೆ ಧಸಕ್ಕಂತು. ಆಮ್ಯಾಕೆ ಮ್ಯಾಲಕ್ಕೆ ಬಂದು ಈ ಕೋಣೆ ನೋಡ್ದೆ. ಸರ್ಕಾರದ ಕಾಗ್ದದಲ್ಲಿ ಒಂದು ಕೋಣೆ ಮುಂದೆ ನನ್ನ ಹೆಸ್ರು ಬರ್ದವ್ರೆ ಅತ್ತೆಮ್ಮ. ಹುಟ್ಟಿದಾಗ್ಲಿಂದ ಎಲ್ಲೂ ಹಂಗೆ ಬರ್ದಿರ್ಲಿಲ್ಲ." ಅವಳು ಗೋಡೆಯನ್ನು ಅಂಗೈಯಲ್ಲಿ ಸವರಿದಳು. "ಇಬ್ರಾಹಿಂಪಟ್ನಂಗೆ ಹೋದಾಗ ಮನೆ ಸೊಸೆ ಅಂದ್ರು, ನಮ್ಮತ್ತೆ ಹಾಸಿಗೆ ಹಿಡಿದಿದ್ರು, ಅವರು ಸಾಯೋಗಂಟ ಹೇಲುಉಚ್ಚೆ ಬಾಚ್ದೆ. ಆಮೇಲೆ ಗಂಡಂಗೆ ಶ್ವಾಸಕೋಶ ಕೆಡ್ತು, ಅವರ್ನ ನೋಡ್ಕಂಡೆ. ಅವರು ಹೋದ್ಮೇಲೆ ವಿಜಯವಾಡದ ಗವರ್ನರ್‌ಪೇಟೆಲಿ ಅಂಗಡಿ ಇಟ್ಟಿದ್ದ ನಮ್ಮ ಮೈದ್ನ, ನೀವು ಬ್ಯಾರೆಯೋರಾ ಅತ್ತಿಗೆ, ಮನೆಯೋರೇ ಅಲ್ವಾ ಅಂತ ಕರ್ಕಂಡೋದ. ಅಂಗಡಿ ಆಳುಗೋಳ್ಗೂ ಸೇರಿಸಿ ಬೇಸಿ ಹಾಕ್ದೆ. ಮನೆಯವಳು ಅಂತ ಕರ್ದೋರೆಲ್ಲ ದುಡಿಸ್ಕಂಡ್ರು ಕಣತ್ತೆಮ್ಮ. ನೀವೊಬ್ರೇ ಅಲ್ಲ ಅಂದಿದ್ದು."

ಉಮಾದೇವಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಅವಳ ತಲೆಯಲ್ಲಿದ್ದದ್ದು ಬೇರೆ. ಚಪ್ಪರದ ಕಂಬದ ಹುಡುಗಿ ಇವಳೇ, ಎದುರಿಗೇ ಕೂತಿದ್ದಾಳೆ. ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಈಗ ಕೇಳದಿದ್ದರೆ ಇನ್ನು ಯಾವಾಗ?

"ಅಂದ್ರೆ ನೀನು ಬಂದಿದ್ದು ಅವರಿಗೋಸ್ಕರ ಅಲ್ವಾ?"

"ಯಾರಿಗೋಸ್ಕರ, ಮಾವನಿಗಾ?" ಚಂಪಾ ಕಣ್ಣರಳಿಸಿ ನೋಡಿದಳು. ಆಮೇಲೆ ತಡೆಯಲಾರದೆ ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇಷ್ಟು ದಿನ ಹಂಗಂದ್ಕಂಡಿದ್ರಾ? ಮಾವನ್ನ ಬ್ಯಾಡ ಅಂದಿದ್ದೇ ನಾನು ಅತ್ತೆಮ್ಮ. ರಜಕ್ಕೆ ಬಂದಾಗ ಹಿತ್ತಲಲ್ಲಿ ಸಿಕ್ಕುಸ್ಕಂಡು, 'ಮಾವ, ನೀನೇ ಒಲ್ಲೆ ಅಂದ್ಬುಡು, ನಾನಂದ್ರೆ ನಮ್ಮವ್ವ ಸಿಗ್ದಾಕ್ತಾಳೆ' ಅಂತ ಅತ್ಕಂಡು ಕೇಳ್ದೆ. ಪಾಪ, ಅಂದ. ಊರೆಲ್ಲ ಉಗ್ದ್ರೂ ನನ್ನೆಸ್ರು ಹೇಳ್ಲಿಲ್ಲ. ನಿಮ್ಗೂ ಹೇಳಿಲ್ವಾ?"

ಹೇಳಿರಲಿಲ್ಲ.

ಈ ಮಾತು ಕೇಳಿದ ಹೆಂಡತಿಗೆ ಎದೆ ಹಗುರಾಗಬೇಕು. ಕಳ್ಳಿ ಎಂದು ಕಾವಲು ಕಾಯುತ್ತಿದ್ದವಳು ಕದಿಯುವುದಿರಲಿ, ಕೊಟ್ಟರೂ ಬೇಡ ಅಂದವಳು. ಉಮಾದೇವಿಗೆ ಹಗುರಾಗಲಿಲ್ಲ, ಮೈಯೆಲ್ಲ ಉರಿದುಹೋಯಿತು.

"ಯಾಕೆ ಬೇಡವಾಗಿತ್ತು? ನನ್ನ ಗಂಡನಿಗೆ ಏನಾಗಿತ್ತು?" ಅಂದಳು. "ನೌಕರಿ ಇರಲಿಲ್ವಾ, ಬಣ್ಣ ಇರಲಿಲ್ವಾ?"

"ಎಲ್ಲಾ ಇತ್ತು. ಹುಟ್ಟಿದಾಗ್ಲಿಂದ ಅವ್ನ ಎಂಜಲು ತಟ್ಟೆ ನನ್ ಕೈಲೇ ತೊಳೆಸೋರು. 'ಈಗ್ಲಿಂದ್ಲೇ ಅಭ್ಯಾಸ ಮಾಡ್ಕೊ' ಅನ್ನೋಳು ನಮ್ಮಜ್ಜಿ. ತೊಳ್ದು ತೊಳ್ದು ರೋಸೋಗಿತ್ತು." ಚಂಪಾ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. "ಕೊನೆಗೆ ಅಲ್ಲಿಗೇ ಬಂದೆ ನೋಡಿ. ಮೈದ್ನನ ಮನೇಲಿ ಇರಾಕಾಗ್ತಿರ್ಲಿಲ್ಲ, ಬಿಂದು ಕರುದ್ಲು, ಹೋಗಾಕೆ ಬ್ಯಾರೆ ಜಾಗ ಇರ್ಲಿಲ್ಲ. ಬಂದೆ. ಮಾವನ್ನ ಕಂಡ್ರೆ ಕೋಪ ಇಲ್ಲ ನಂಗೆ. ಮಾತಾಡಿಸ್ಕಂಡು, ನಗಾಡಿಸ್ಕಂಡು ಮಾಡುದ್ರೆ ನಾತ ಗೊತ್ತಾಗಲ್ಲ ಅಂತ ಮಾತಾಡ್ತೀನಿ, ಅಷ್ಟೇಯ."

ಕೆಳಗಿನಿಂದ ಕೆಂಪಣ್ಣ ಕೆಮ್ಮಿದ ಸದ್ದು ಬಂತು. ಇಬ್ಬರೂ ಕಿವಿಗೊಟ್ಟರು. ಮತ್ತೆ ಕೆಮ್ಮಲಿಲ್ಲ.

ಚಂಪಾ ಆಗ ತನ್ನ ಮಾತು ಇಟ್ಟಳು. ಎಷ್ಟೋ ದಿನದಿಂದ ಉರುಹೊಡೆದಿಟ್ಟುಕೊಂಡಿದ್ದಳೋ ಏನೋ, ಎಲ್ಲೂ ತಡವರಿಸಲಿಲ್ಲ. ಕಾಗದದಲ್ಲಿ ಬಾಡಿಗೆಯವಳು ಎಂದೇ ಇರಲಿ. ಮಾವನನ್ನು ನೋಡಿಕೊಳ್ಳುವುದಕ್ಕೆ ಊರಿನಲ್ಲಿ ಬೇರೆಯವರಿಗೆ ಏನು ಕೊಡುತ್ತಾರೋ ಅದನ್ನು ಕೊಡಿ, ಅದರಲ್ಲಿ ಕೋಣೆಯ ಬಾಡಿಗೆ ಮುರಿದುಕೊಳ್ಳಿ. ಬೆಳಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೆಳಗಿರುತ್ತೇನೆ. ಅವರನ್ನು ಮಲಗಿಸಿ ಮೇಲೆ ಬಂದಮೇಲೆ ಕರೆಯಬೇಡಿ.

"ಆಗಲ್ಲ ಅಂದ್ರೆ ಪರ್ವಾಲೇದು, ಬಿಂದು ಹೇಳೋ ಆಯಾ ಕೆಲ್ಸ ಐತಲ್ಲ, ವಿಜಯವಾಡಕ್ಕೆ ಹೋಯ್ತೀನಿ. ಯೋಚ್ನೆ ಮಾಡಿ ಅತ್ತೆಮ್ಮ."

ಉಮಾದೇವಿ ಕಂಬಿ ಹಿಡಿದು ಇಳಿದುಬಂದಳು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಯಿತು. ಹಾಲಿನಲ್ಲಿ ಕೆಂಪಣ್ಣ ಬಾಯಿ ತೆರೆದುಕೊಂಡು ಮಲಗಿದ್ದ. ಕಟವಾಯಿಯಲ್ಲಿ ಜೊಲ್ಲು ಇಳಿದು ಒಣಗಿತ್ತು. ಅವಳು ಮಂಚದ ಪಕ್ಕ ನಿಂತು ಅವನನ್ನು ನೋಡಿದಳು. ಈ ಮನುಷ್ಯನಿಗಾಗಿ ಹಡಗಿನ ಜೊತೆ ಜಗಳ, ಇಸ್ಪೀಟಿನ ಜೊತೆ ಜಗಳ, ಮನೆಯೊಳಗಿನವಳ ಜೊತೆ ಬಾಯಿಬಿಡದ ಜಗಳ. ತಾನು ಬಾಗಿಲು ಕಾದದ್ದೇ ಬಂತು, ಕದಿಯಲು ಯಾರೂ ಬಂದೇ ಇರಲಿಲ್ಲ. ಸಾಲದ್ದಕ್ಕೆ ತನ್ನ ಕೊರಳಿಗೆ ಅವನು ತಾಳಿ ಕಟ್ಟಿದ್ದು ಇವಳು ಅತ್ತು ಬೇಡಿಕೊಂಡದ್ದರಿಂದ. ಅವನ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು. ಸೆರಗಿನ ತುದಿ ಒದ್ದೆ ಮಾಡಿ ಅವನ ಬಾಯಿ ಒರೆಸಿದಳು. ಅವನು ಕಣ್ಣು ತೆರೆದು ಯಾರು ಎಂಬಂತೆ ನೋಡಿ ಮತ್ತೆ ಮುಚ್ಚಿಕೊಂಡ.

ಮರುದಿನ ಫಣೀಂದ್ರ ಹೇಳಿದ ಹೊತ್ತಿಗೆ ಬಂದ. ಈ ಸಲ ಒಳಗೇ ಕೂರಿಸಿ ಕಾಫಿ ಕೊಟ್ಟಳು. ಚಂಪಾ ಕೆಂಪಣ್ಣನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ.

"ಹೇಳಿ ಅಮ್ಮಾ. ಇವರು ನಿಮ್ಮವರೇ ಎಂದು ನಿಮ್ಮ ಮಗಳು ಫೋನಿನಲ್ಲಿ ಹೇಳಿದರು. ನೀವು ಒಂದು ಸಹಿ ಹಾಕಿದರೆ ರಿಯಾಯಿತಿ ವಾಪಸ್ಸು ಮಾಡಿಸುತ್ತೇನೆ."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. ಉಮಾದೇವಿ ಗಂಡನ ಕಡೆ ನೋಡಿದಳು. ರಿಯಾಯಿತಿ ಎಂಬ ಮಾತು ಅವನಿಗೂ ಅರ್ಥವಾಗಿರಬೇಕು, ಅವನ ಕಣ್ಣು ಅವಳ ಮೇಲೇ ಇತ್ತು.

"ಬಾಡಿಗೆಯವಳೇ" ಅಂದಳು ಉಮಾದೇವಿ. "ಅವಳೇ ಬಾಡಿಗೆ ಕೊಡ್ತಾಳೆ. ಕಂದಾಯ ಎಷ್ಟಾಗುತ್ತೋ ಹಾಕಿ, ಕಟ್ಟುತ್ತೇವೆ."

ಕೆಂಪಣ್ಣ ಏನೋ ಅಂದ. ಬೇಡ ಎಂದೋ, ಸರಿ ಎಂದೋ ಯಾರಿಗೂ ತಿಳಿಯಲಿಲ್ಲ. ಚಂಪಾ ಅವನ ಇನ್ನೊಂದು ಕಾಲು ಎತ್ತಿ ಮಡಿಲಿಗಿಟ್ಟುಕೊಂಡಳು.

ಫಣೀಂದ್ರ ಕಾಫಿ ಮುಗಿಸಿ ಬರೆದುಕೊಂಡ. ಹೋಗುವ ಮುಂಚೆ ಎಲ್ಲವನ್ನೂ ಒಮ್ಮೆ ಓದಿ ಹೇಳುವುದು ಅವರ ಪದ್ಧತಿ. ಯಜಮಾನರು ಕೆಂಪಣ್ಣ. ಮೇಲಿನ ಅಂತಸ್ತು, ಚಂಪಾ, ಬಾಡಿಗೆ. "ನಿಮ್ಮದರಲ್ಲಿ ಬದಲಾವಣೆ ಏನೂ ಇಲ್ಲ ಅಲ್ವಾ ಅಮ್ಮಾ? ಯಜಮಾನರ ಹೆಂಡತಿ."

"ನನ್ನದರಲ್ಲಿ ಏನು ಬದಲಾಗುತ್ತೆ" ಅಂದಳು ಉಮಾದೇವಿ. ಅವನು ತಲೆಯಾಡಿಸಿ ಹೊರಟುಹೋದ.

ಆ ಸಂಜೆ ಚಂಪಾ ಕೆಂಪಣ್ಣನಿಗೆ ಊಟ ಮಾಡಿಸಿದಳು, ಬಾಯಿ ತೊಳೆಸಿ ಮಗ್ಗುಲಾಗಿ ಮಲಗಿಸಿದಳು, ನೀರಿನ ಚೊಂಬು ಕೈಗೆ ಎಟಕುವ ಹಾಗಿಟ್ಟಳು. ಮಂಚದ ಕೆಳಗಿನ ತನ್ನ ಚಾಪೆಯನ್ನು ಸುತ್ತಿ ಕಂಕುಳಿಗಿಟ್ಟುಕೊಂಡಳು. "ಬತ್ತೀನಿ ಅತ್ತೆಮ್ಮ" ಎಂದು ಚಪ್ಪಲಿ ಮೆಟ್ಟಿ ಹೊರಗಿನ ಮೆಟ್ಟಿಲು ಹತ್ತಿದಳು. ತಲೆಯ ಮೇಲೆ ಬಾಗಿಲು ಮುಚ್ಚಿದ್ದು ಕೇಳಿಸಿತು, ಚಿಲಕ ಬಿದ್ದದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಒಂದು ಹಾಡು ಸಣ್ಣಗೆ ಕೇಳಿಸಿತು. ಚಂಪಾ ಹಾಡುತ್ತಾಳೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಲಿನಲ್ಲಿ ಉಮಾದೇವಿ, ಕೆಂಪಣ್ಣ ಇಬ್ಬರೇ. ಹಡಗಿಲ್ಲ, ಇಸ್ಪೀಟಿಲ್ಲ, ಚಂಪಾ ಇಲ್ಲ. ಅವಳು ಬೇಡಿಕೊಂಡಿದ್ದೆಲ್ಲ ಎದುರಿಗೆ ಮಂಚದ ಮೇಲಿತ್ತು. ಅವಳು ಕುರ್ಚಿಯಲ್ಲಿ ಕೂತು ಮೇಲಿನ ಹಾಡು ಕೇಳಿದಳು. ಹೊಟ್ಟೆಯಲ್ಲಿ ಆ ಹಳೆಯ ಕಿಚ್ಚು ಎದ್ದಿತು, ಹಿಂದೆಂದೂ ಏಳದಷ್ಟು ಎದ್ದಿತು. ಚಂಪಾಳಿಗೆ ಸಂಬಳವಿದೆ, ಕತ್ತಲಾದ ಮೇಲೆ ಮುಚ್ಚಿಕೊಳ್ಳಲು ಬಾಗಿಲಿದೆ, ಬೇಡವಾದ ದಿನ ವಿಜಯವಾಡದ ರೈಲಿದೆ. ತನ್ನನ್ನು ಬಾಡಿಗೆಯವಳು ಎಂದು ಬರೆಸಲು ಯಾರ ಹೊಟ್ಟೆಗೆ ಕಿಚ್ಚು ಬೀಳಬೇಕು?

ಮಂಚದಿಂದ ಹೂಂ ಎಂಬ ಸದ್ದು ಬಂತು. ಆಮೇಲೆ ಇನ್ನೊಂದು, ಸ್ವಲ್ಪ ಗಟ್ಟಿಯಾಗಿ. ಬಟ್ಟೆ ಒದ್ದೆಯಾಗಿತ್ತು.

"ಬಂದೆ, ಇರಿ" ಎಂದು ಉಮಾದೇವಿ ಕುರ್ಚಿಯ ಕೈ ಊರಿ ಎದ್ದಳು.